ಸ್ಕೂಲಲ್ಲಿ ಐಕ್ಯೂ ಟೆಸ್ಟ್ ಮಾಡಿಸಿ ಅಂದ್ರೆ: ಒಪ್ಪೋಕೆ ಮುಂಚೆ, ರಿಪೋರ್ಟ್ ಬಂದ ಮೇಲೆ ಏನೇನ್ ಮಾಡ್ಬೇಕು

"ಮಗುಗೆ ಒಂದು ಐಕ್ಯೂ ಅಸೆಸ್‌ಮೆಂಟ್ ಮಾಡಿಸಿಬಿಡಿ" ಅಂತ ಸ್ಕೂಲಿಂದ ಮಾತು ಬಂದ್ರೆ ಮನೇಲಿ ಎರಡೇ ಥರ ರಿಯಾಕ್ಷನ್. ಒಂದು, ನಮ್ಮ ಮಗೂನ ದಡ್ಡ ಅಂತಿದಾರೆ ಅಂತ ಸಿಟ್ಟು. ಇನ್ನೊಂದು, ಮಾಡ್ಲಿ ಬಿಡಿ, ಇವನೆಷ್ಟು ಚುರುಕು ಅಂತ ಇವರಿಗೂ ಗೊತ್ತಾಗ್ಲಿ ಅಂತ ಜಂಬ. ಎರಡೂ ಕಡೆಯವರು ಆ ನಂಬರ್ರನ್ನ ಹಣೆಬರಹ ಅಂದ್ಕೊಂಡೇ ಕೂತಿರ್ತಾರೆ.

ನಮ್ಮಕ್ಕನ ಮಗಳಿಗೆ 8 ವರ್ಷ ಇದ್ದಾಗ ಈ ಟೆಸ್ಟ್ ಮಾಡಿಸಿದ್ರು. ಫೈಲ್ ಮನೆಗೆ ಬಂತು, ಮೊದಲನೇ ಪುಟದಲ್ಲಿ 86 ಅಂತ ಇತ್ತು, ಯಾರೋ ಅದಕ್ಕೆ ಕೆಂಪು ಪೆನ್ನಲ್ಲಿ ರೌಂಡ್ ಹಾಕಿದ್ರು. ಅಕ್ಕ ಆ ರೌಂಡ್ ನೋಡಿ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಮೂರನೇ ದಿನ ನಾನು ಹೋಗಿ ಪೂರ್ತಿ ರಿಪೋರ್ಟ್ ಓದಿದೆ, ಮೂರನೇ ಪುಟದಲ್ಲಿ ಟೆಸ್ಟ್ ಮಾಡಿದ ಮೇಡಂ ಒಂದು ಸಾಲು ಬರೆದಿದ್ರು, ಅದನ್ನ ಸ್ಕೂಲಲ್ಲಿ ಯಾರೂ ಓದೇ ಇರಲಿಲ್ಲ. ಆ ಸಾಲು ಏನು ಅಂತ ಮುಂದೆ ಹೇಳ್ತೀನಿ. ಅವತ್ತಿಂದ ಗೊತ್ತಿರೋ ನಾಲ್ಕೈದು ಮನೆಯವರು ಇಂಥದೇ ಫೈಲ್ ಹಿಡ್ಕೊಂಡು ಕೇಳಿದಾರೆ, ಪ್ರತಿ ಸಲ ಹೇಳೋ ಬದಲು ಒಂದೇ ಕಡೆ ಬರೆದಿಡ್ತಾ ಇದೀನಿ. ನಾನು ಸೈಕಾಲಜಿಸ್ಟ್ ಅಲ್ಲ, ಈ ವಿಷಯ ಸ್ವಲ್ಪ ಜಾಸ್ತಿ ಓದಿರೋ ಒಬ್ಬ ಚಿಕ್ಕಮ್ಮ ಅಷ್ಟೇ.

1. ಸಹಿ ಹಾಕೋ ಮುಂಚೆ: ಯಾಕೆ ಅಂತ ಕೇಳಿ

ಈ ಟೆಸ್ಟ್ ಹುಟ್ಟಿದ್ದೇ ಒಂದು ಸಣ್ಣ ಕೆಲಸಕ್ಕೆ. ಫ್ರಾನ್ಸಲ್ಲಿ ಎಲ್ಲ ಮಕ್ಕಳೂ ಸ್ಕೂಲಿಗೆ ಬರ್ಲೇಬೇಕು ಅಂತ ಆದ ಮೇಲೆ, ಮಾಮೂಲಿ ಕ್ಲಾಸಲ್ಲಿ ಹಿಂದೆ ಬೀಳೋ ಮಕ್ಕಳನ್ನ ಗುರುತಿಸಿ ಅವರಿಗೆ ಬೇರೆ ಥರ ಕಲಿಸೋಕೆ ಒಂದು ದಾರಿ ಬೇಕಾಗಿತ್ತು. ಅಲ್ಲಿನ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಮತ್ತು ಅವರ ಜೊತೆಗಾರ ಥಿಯೋಡೋರ್ ಸಿಮೋನ್ ಸೇರಿ 1905ರಲ್ಲಿ 30 ಚಿಕ್ಕ ಚಿಕ್ಕ ಕೆಲಸಗಳ ಒಂದು ಪಟ್ಟಿ ಮಾಡಿದ್ರು. ಯಾರಿಗೆ ಸಹಾಯ ಬೇಕು ಅಂತ ಹುಡುಕೋದು, ಉದ್ದೇಶ ಅಷ್ಟೇ. ಬುದ್ಧಿ ಅನ್ನೋದು ಹುಟ್ಟಿದಾಗಲೇ ಅಳೆದು ಕೊಟ್ಟಿರೋದು, ಇನ್ನು ಬೆಳೆಯಲ್ಲ ಅನ್ನೋ ಮಾತನ್ನ ಬಿನೆ ಅವರು ಗಟ್ಟಿಯಾಗಿ ವಿರೋಧಿಸ್ತಿದ್ರು. 1911ರಲ್ಲಿ ಅವರು ತೀರಿಕೊಂಡ್ರು, ಮಾರನೇ ವರ್ಷವೇ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನ (ಮಗು ಯಾವ ವಯಸ್ಸಿನ ಮಕ್ಕಳಷ್ಟು ಉತ್ತರ ಕೊಡತ್ತೆ ಅನ್ನೋದನ್ನ) ನಿಜವಾದ ವಯಸ್ಸಿಂದ ಭಾಗಿಸೋ ಲೆಕ್ಕ ತಂದ್ರು, 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದಕ್ಕೆ ನೂರರಿಂದ ಗುಣಿಸಿ ಸ್ಟ್ಯಾನ್‌ಫರ್ಡ್ ಬಿನೆ ಟೆಸ್ಟ್ ಹೊರತಂದ್ರು. ಅಲ್ಲಿಂದ ಐಕ್ಯೂ ಅಂದ್ರೆ ಮನುಷ್ಯನ ಬೆಲೆ ಅನ್ನೋ ಥರ ಆಗಿಹೋಯ್ತು.

ಹಾಗಾಗಿ ಸ್ಕೂಲಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು, ಮೇಲ್‌ನಲ್ಲೇ ಕೇಳಿ: "ಸ್ಕೋರ್ ಬಂದ ಮೇಲೆ ನನ್ನ ಮಗುಗೋಸ್ಕರ ನೀವು ಏನು ಬದಲಾಯಿಸ್ತೀರ?" ಓದೋದರಲ್ಲಿ ಯಾಕೆ ತಡವರಿಸ್ತಾಳೆ ಅಂತ ತಿಳ್ಕೊಂಡು ಪಾಠ ಮಾಡೋ ರೀತಿ ಬದಲಾಯಿಸ್ತೀವಿ, ಪರೀಕ್ಷೇಲಿ ಜಾಸ್ತಿ ಟೈಮ್ ಕೊಡ್ತೀವಿ, ಈ ಥರ ಉತ್ತರ ಬಂದ್ರೆ ಮುಂದುವರಿಸಿ. "ಸುಮ್ನೆ ರೆಕಾರ್ಡ್‌ಗೆ", "ಸೆಕ್ಷನ್ ಮಾಡೋಕೆ", "ಎಲ್ಲರಿಗೂ ಮಾಡಿಸ್ತಿದೀವಿ" ಅಂದ್ರೆ ನಾನಂತೂ ಬೇಡ ಅಂತೀನಿ. ರೆಕಾರ್ಡ್‌ಗೆ ಅಂತ ಮಾಡಿಸಿದ ನಂಬರ್ ರೆಕಾರ್ಡಲ್ಲೇ ಕೂತಿರಲ್ಲ, ಸ್ಟಾಫ್ ರೂಮಿಗೆ ಹೋಗತ್ತೆ.

2. ಯಾವ ಟೆಸ್ಟು, ಯಾರು ಮಾಡ್ತಾರೆ, ಯಾವ ಭಾಷೇಲಿ

ಇಲ್ಲಿ ನಾಲ್ಕು ವಿಷಯ ತಿಳ್ಕೊಳ್ಳಿ.

ಒಬ್ಬೊಬ್ಬರನ್ನೇ ಕೂರಿಸಿ ಮಾಡೋದಾ, ಇಡೀ ಕ್ಲಾಸಿಗೆ ಪೇಪರ್ ಹಂಚಿ ಮಾಡೋದಾ? ಇವೆರಡೂ ಒಂದೇ ತೂಕದ್ದಲ್ಲ. ವೆಕ್ಸ್ಲರ್ ಮಕ್ಕಳ ಟೆಸ್ಟ್ ಥರದ್ದು ಎದುರು ಬದುರು ಕೂತು, ಒಂದು ಒಂದೂವರೆ ಗಂಟೆ ತಗೊಂಡು ಮಾಡೋದು, ಮಗು ಸುಸ್ತಾಯ್ತಾ, ಪ್ರಶ್ನೆ ಅರ್ಥ ಆಯ್ತಾ ಅಂತ ನೋಡೋಕೆ ಒಬ್ಬರು ಎದುರಿಗೇ ಇರ್ತಾರೆ. ಗುಂಪಲ್ಲಿ ಮಾಡೋದು ಜರಡಿ ಹಿಡಿಯೋಕೆ ಮಾತ್ರ ಸರಿ, ಅದರ ಮೇಲೆ ಯಾವ ಮಗುವಿನ ಬಗ್ಗೆಯೂ ತೀರ್ಮಾನ ತಗೋಬಾರದು. ಇನ್ನು ಫೋನಲ್ಲಿ ಹತ್ತು ನಿಮಿಷದಲ್ಲಿ ಐಕ್ಯೂ ಹೇಳೋ ಆಟಗಳು ಲೆಕ್ಕಕ್ಕೇ ಇಲ್ಲ.

ಮಾಡೋರು ಟ್ರೇನಿಂಗ್ ಆಗಿರೋ ಸೈಕಾಲಜಿಸ್ಟಾ? ಯಾವುದೋ ಸಬ್ಜೆಕ್ಟಿನ ಟೀಚರು ಮ್ಯಾನ್ಯುಯಲ್ ನೋಡ್ಕೊಂಡು ಮಾಡೋದಾದ್ರೆ ಬೇಡ.

ಭಾಷೆ ಯಾವುದು? ಮಗು ಯಾವ ಭಾಷೇಲಿ ಕನಸು ಕಾಣತ್ತೋ ಆ ಭಾಷೇಲಿ ಆಗ್ಬೇಕು. ಅಲ್ಲೇ ಕೂತು ಪ್ರಶ್ನೆಗಳನ್ನ ಬಾಯಲ್ಲಿ ಅನುವಾದ ಮಾಡಿ ಕೇಳೋದು ಅದಕ್ಕೆ ಪರಿಹಾರ ಅಲ್ಲ, ಯಾಕಂದ್ರೆ ಒಂದು ಭಾಷೇಲಿ ಸುಲಭ ಇರೋ ಪದ ಇನ್ನೊಂದರಲ್ಲಿ ಕಷ್ಟದ್ದಾಗಿರಬಹುದು, ಆಗ ಸ್ಕೋರಿಗೆ ಅರ್ಥವೇ ಉಳಿಯಲ್ಲ.

ನಾಲ್ಕನೇದು ಯಾರೂ ಕೇಳದೇ ಇರೋ ಪ್ರಶ್ನೆ: ನಾರ್ಮ್ಸ್ ಯಾವ ವರ್ಷದ್ದು? ನಿಮ್ಮ ಮಗುವಿನ ಉತ್ತರಗಳನ್ನ ಹಿಂದೆ ಯಾವಾಗಲೋ ಇದೇ ಟೆಸ್ಟ್ ತಗೊಂಡ ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಿ ಸ್ಕೋರ್ ಕೊಡೋದು, ಆ ಹೋಲಿಕೆಯ ಪಟ್ಟಿಗೇ ನಾರ್ಮ್ಸ್ ಅನ್ನೋದು. ಜೇಮ್ಸ್ ಫ್ಲಿನ್ ಅನ್ನೋರು 1980ರ ದಶಕದಲ್ಲಿ ತೋರಿಸಿದ ಹಾಗೆ, 20ನೇ ಶತಮಾನದಲ್ಲಿ ಬಹಳಷ್ಟು ದೇಶಗಳಲ್ಲಿ ಹತ್ತು ವರ್ಷಕ್ಕೆ ಸುಮಾರು 3 ಪಾಯಿಂಟ್‌ನಂತೆ ಸ್ಕೋರ್ ಏರ್ತಾ ಬಂತು. ಅಂದ್ರೆ 30 ವರ್ಷ ಹಳೇ ಪಟ್ಟಿ ಇಟ್ಕೊಂಡು ಅಳೆದ್ರೆ ಅದೇ ಮಗುಗೆ ಆರೇಳು, ಒಂಬತ್ತು ಪಾಯಿಂಟ್ ಜಾಸ್ತಿ ಬರಬಹುದು. ಸಹಾಯ ಸಿಗೋಕೆ ಇಷ್ಟಕ್ಕಿಂತ ಕಮ್ಮಿ ಇರ್ಬೇಕು ಅನ್ನೋ ಗಡಿ ಇರೋ ಕಡೆ, ಈ ಪುಕ್ಕಟೆ ಪಾಯಿಂಟ್‌ನಿಂದಾನೇ ಮಗು ಸಹಾಯ ಕಳ್ಕೊಳ್ಳತ್ತೆ. ಈಗೀಗ ನಾರ್ವೆ ಥರ ಕೆಲವು ಕಡೆ ಈ ಏರಿಕೆ ನಿಂತು ಇಳೀತಾನೂ ಇದೆ, ಹಾಗಾಗಿ ಹೊಸ ಪಟ್ಟಿ ಇರೋ ಟೆಸ್ಟೇ ಆಗ್ಲಿ ಅಂತ ಕೇಳಿ.

3. ಟೆಸ್ಟಿಗೆ ಮುಂಚೆ ಕಣ್ಣು, ಕಿವಿ, ನಿದ್ದೆ

ಕಣ್ಣು ಕಿವಿ ಎರಡೂ ಚೆಕ್ ಮಾಡಿಸಿ. ಇದನ್ನ ನಾವು ಮಾಡಿಸ್ಲಿಲ್ಲ, ಅದಕ್ಕೇ ಮೊದಲು ಬರೀತಿದೀನಿ. ಹಿಂದಿನ ರಾತ್ರಿ ನಿದ್ದೆ ಆಗಿರ್ಲಿ, ಜ್ವರ ಕೆಮ್ಮು ಇದ್ರೆ ತಾರೀಖು ಮುಂದಕ್ಕೆ ಹಾಕಿಸಿ, ನಾಚ್ಕೋಬೇಡಿ.

ಕೋಚಿಂಗ್ ಕೊಡಿಸ್ಬೇಡಿ. ಪ್ರಶ್ನೆ ಮುಂಚೇನೇ ನೋಡಿರೋ ಮಗುವಿನ ಸ್ಕೋರು ಯಾರಿಗೂ ಉಪಯೋಗ ಇಲ್ಲ, ಕಷ್ಟ ಇದ್ರೂ ಮುಚ್ಚಿಹೋಗತ್ತೆ. ಮಗುಗೆ ಹೇಳೋದು ಇಷ್ಟು ಸಾಕು: "ಒಬ್ಬರು ಆಂಟಿ ಜೊತೆ ಕೂತು ಒಗಟು, ಚಿತ್ರ, ಪ್ರಶ್ನೆ ಎಲ್ಲ ಮಾಡ್ತೀಯ, ಕೆಲವು ಸುಲಭ ಇರತ್ತೆ, ಕೆಲವು ದೊಡ್ಡೋರಿಗೂ ಬರಲ್ಲ, ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು." ಯಾಕಂದ್ರೆ ಈ ಟೆಸ್ಟಲ್ಲಿ ಮಗು ಸಾಲಾಗಿ ತಪ್ಪೋವರೆಗೂ ಪ್ರಶ್ನೆ ಕಷ್ಟ ಆಗ್ತಾನೇ ಹೋಗತ್ತೆ, ಮುಂಚೆ ಹೇಳದಿದ್ರೆ ಎಷ್ಟೋ ಮಕ್ಕಳು ಅಲ್ಲೇ ಕುಗ್ಗಿ ಬಾಯಿ ಮುಚ್ಕೊಂಡುಬಿಡ್ತಾವೆ. ಬಾಯಿ ಮುಚ್ಕೊಂಡ್ರೆ ಸೊನ್ನೆ. ಉತ್ತರ ಗೊತ್ತಿಲ್ದೆ ಸುಮ್ನಿದ್ದದ್ದೋ, ಹೆದರಿ ಸುಮ್ನಿದ್ದದ್ದೋ, ಕಾಗದದ ಮೇಲೆ ಎರಡೂ ಒಂದೇ ಸೊನ್ನೆ.

4. ರಿಪೋರ್ಟ್ ಓದೋದು ಹೆಂಗೆ (ಇಲ್ಲಿ ನಿಧಾನವಾಗಿ ಓದಿ)

ಹೆಚ್ಚಿನ ಟೆಸ್ಟುಗಳಲ್ಲಿ ಸರಾಸರಿ 100, ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ (ಸ್ಕೋರುಗಳು ಸರಾಸರಿಯಿಂದ ಎಷ್ಟು ಚದುರಿರ್ತಾವೆ ಅನ್ನೋ ಅಳತೆ) 15 ಅಂತ ಮೊದಲೇ ಕೂರಿಸಿರ್ತಾರೆ. ಅದರ ಪ್ರಕಾರ ನೂರು ಮಕ್ಕಳಲ್ಲಿ ಸುಮಾರು 68 ಮಕ್ಕಳು 85ರಿಂದ 115ರ ಒಳಗೇ ಬರ್ತಾರೆ, 95 ಮಕ್ಕಳು 70ರಿಂದ 130ರ ಒಳಗೆ. ಹಾಗೆ ನೋಡಿದ್ರೆ 86 ಅಂದ್ರೆ ಆಕಾಶ ಕಳಚಿ ಬಿದ್ದಿದ್ದೇನಲ್ಲ.

ಪಕ್ಕದಲ್ಲಿ ಪರ್ಸೆಂಟೈಲ್ ಅಂತ ಇರತ್ತೆ. 86ಕ್ಕೆ 18 ಅಂತ ಇತ್ತು, ನಮ್ಮ ಭಾವ ಅದನ್ನ ನೂರಕ್ಕೆ 18 ಮಾರ್ಕ್ಸ್ ಅಂದ್ಕೊಂಡ್ರು! ಹಾಗಲ್ಲ, ಅದೇ ವಯಸ್ಸಿನ ನೂರು ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ರೆ ಸುಮಾರು 18 ಮಕ್ಕಳು ಇವಳಿಗಿಂತ ಹಿಂದೆ ಅಂತ ಅರ್ಥ. ಪರ್ಸೆಂಟೇಜಿಗೂ ಪರ್ಸೆಂಟೈಲಿಗೂ ಸಂಬಂಧ ಇಲ್ಲ.

ಆಮೇಲೆ ಕಣ್ಣಿಗೆ ಬೀಳದ ಹಾಗೆ ಸಣ್ಣ ಅಕ್ಷರದಲ್ಲಿ ಒಂದು ರೇಂಜ್ ಕೊಟ್ಟಿರ್ತಾರೆ, 81ರಿಂದ 92 ಅಂತ. ನನ್ನ ಕೇಳಿದ್ರೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡ್ಬೇಕಾಗಿದ್ದು ಅದನ್ನೇ. ಯಾವ ಅಳತೆಯಲ್ಲೂ ಸ್ವಲ್ಪ ತಪ್ಪು ಇದ್ದೇ ಇರತ್ತೆ, ಒಳ್ಳೇ ಟೆಸ್ಟಲ್ಲೂ ಐದಾರು ಪಾಯಿಂಟ್ ಆ ಕಡೆ ಈ ಕಡೆ ಆಗೋದು ಸಹಜ. ಹಾಗಿರುವಾಗ 69 ಬಂದ ಮಗುಗೆ ಒಂದು ಹಣೆಪಟ್ಟಿ, 71 ಬಂದ ಮಗುಗೆ ಇನ್ನೊಂದು ಅಂದ್ರೆ ಎರಡು ಕಿಲೋ ಹೆಚ್ಚುಕಮ್ಮಿ ತೋರಿಸೋ ತಕ್ಕಡೀಲಿ ಚಿನ್ನ ತೂಗಿದ ಹಾಗೆ. ಬೌದ್ಧಿಕ ನ್ಯೂನತೆ ಅಂತ ನಿರ್ಧಾರ ಮಾಡೋಕೆ ಸ್ಕೋರ್ ಒಂದೇ ಸಾಕಾಗಲ್ಲ ಅಂತ ವೈದ್ಯರ ಕೈಪಿಡಿಗಳೇ ಹೇಳ್ತಾವೆ. ಮಗು ತಾನೇ ಬಟ್ಟೆ ಹಾಕೊಳ್ಳತ್ತಾ, ದುಡ್ಡು ಎಣಿಸತ್ತಾ, ಜೊತೆಯವರ ಜೊತೆ ಹೊಂದ್ಕೊಳ್ಳತ್ತಾ, ಈ ದಿನನಿತ್ಯದ ಬದುಕಿನ ಸಾಮರ್ಥ್ಯವನ್ನೂ ನೋಡ್ಲೇಬೇಕು.

ಇನ್ನು ಒಳಗಡೆಯ ಸ್ಕೋರುಗಳು. ಮಾತು, ಚಿತ್ರ, ತರ್ಕ, ನೆನಪು, ವೇಗ ಅಂತ ಬೇರೆ ಬೇರೆ ಕೊಟ್ಟಿರ್ತಾರೆ, ಒಟ್ಟು ನಂಬರು ಇವುಗಳ ಮಿಶ್ರಣ. ನಮ್ಮ ಹುಡುಗೀದು ಮಾತಲ್ಲಿ 100, ವೇಗದಲ್ಲಿ 69. ಇಷ್ಟು ಅಂತರ ಇದ್ದಾಗ ಒಟ್ಟು ನಂಬರ್ ಏನನ್ನೂ ಹೇಳಲ್ಲ, ಒಂದು ಕಾಲು ಬಿಸಿನೀರಲ್ಲಿ ಒಂದು ಕಾಲು ಐಸಲ್ಲಿ ಇಟ್ಕೊಂಡವನಿಗೆ ಸರಾಸರಿ ಹದವಾಗಿದೆ ಅಂದ ಹಾಗೆ.

ಈಗ ಆ ಮೂರನೇ ಪುಟದ ಸಾಲು. ವೇಗದ ಭಾಗದಲ್ಲಿ ಸಣ್ಣ ಸಣ್ಣ ಗುರುತುಗಳನ್ನ ನೋಡಿ ನೋಡಿ ಡಬ್ಬಿ ಒಳಗೆ ನಕಲು ಮಾಡೋದಿರತ್ತೆ, ಟೈಮ್ ಇಟ್ಟು. ಮೇಡಂ ಬರೆದಿದ್ದು, "ಹಾಳೆಗೆ ಮೂಗು ತಾಗುವಷ್ಟು ಬಗ್ಗಿ ಬರೆಯುತ್ತಿದ್ದಳು, ಪ್ರತಿ ಗುರುತಿಗೂ ಮೇಲೆ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು, ಬರೆದಿದ್ದರಲ್ಲಿ ಒಂದೂ ತಪ್ಪಿಲ್ಲ." ಮಾರನೇ ದಿನ ಕಣ್ಣು ಚೆಕ್ ಮಾಡಿಸಿದ್ರೆ ಕನ್ನಡಕ ಬೇಕಿತ್ತು. ಒಂದೂ ತಪ್ಪಿಲ್ಲ, ಆದ್ರೂ 69, ಯಾಕಂದ್ರೆ ಅಲ್ಲಿ ಅಳೆಯೋದು ಟೈಮ್ ಒಳಗೆ ಎಷ್ಟು ಮುಗಿಸಿದ್ರಿ ಅನ್ನೋದನ್ನ. ಅದಕ್ಕೇ ನಂಬರ್ ನೋಡೋ ಮುಂಚೆ "ಪರೀಕ್ಷೆಯ ಸಮಯದ ವರ್ತನೆ" ಅನ್ನೋ ಪ್ಯಾರಾ ಓದಿ. ಆ ಪ್ಯಾರಾನೇ ಇಲ್ಲದ ರಿಪೋರ್ಟ್ ಆದ್ರೆ ವಾಪಸ್ ಕೊಟ್ಟು ಬರೆಸ್ಕೊಳ್ಳಿ.

5. ನ್ಯಾಯವಾಗಿತ್ತಾ ಅಂತ ಪರೀಕ್ಷೆ ಮಾಡಿ

1917ರಲ್ಲಿ ಅಮೆರಿಕದ ಸೈನ್ಯ ಸುಮಾರು 17 ಲಕ್ಷ ಜನರಿಗೆ ಬುದ್ಧಿ ಪರೀಕ್ಷೆ ಶುರು ಮಾಡ್ತು. ಇಂಗ್ಲಿಷ್ ಓದೋಕೆ ಬರದವರಿಗೆ ಅಂತ ಬರೀ ಚಿತ್ರದ್ದು ಬೇರೆ ಇತ್ತು, ಚಿತ್ರದಲ್ಲಿ ಏನು ಬಿಟ್ಟುಹೋಗಿದೆ ಹೇಳಿ ಅಂತ. ಒಂದರಲ್ಲಿ ಟೆನ್ನಿಸ್ ಕೋರ್ಟ್ ಇದೆ, ನೆಟ್ ಇಲ್ಲ. ಬೇರೆ ದೇಶದಿಂದ ಹಡಗಿಳಿದು ಬಂದ ರೈತನಿಗೆ ಟೆನ್ನಿಸ್ ನೆಟ್ ಎಲ್ಲಿಂದ ಗೊತ್ತಿರ್ಬೇಕು? ಮಾತಿಲ್ಲ ಅಂದ ಮಾತ್ರಕ್ಕೆ ಎಲ್ಲರಿಗೂ ಸಮಾನ ಅಂತ ಆಗಲ್ಲ. 1938ರಲ್ಲಿ ಬಂದ ರೇವನ್ ಅವರ ಆಕಾರಗಳ ಟೆಸ್ಟಿನ ಬಗ್ಗೆಯೂ ಇದಕ್ಕೆ ಸಂಸ್ಕೃತಿಯ ಸೋಂಕಿಲ್ಲ ಅಂತ ಜನ ಹೇಳ್ತಿದ್ರು, ಆದ್ರೆ ಫ್ಲಿನ್ ಕಂಡ ಏರಿಕೆ ಅತಿ ಹೆಚ್ಚು ಇದ್ದಿದ್ದೇ ಅಂಥ ಟೆಸ್ಟುಗಳಲ್ಲಿ. ಕಾಲ ಬದಲಾದ್ರೆ ಸ್ಕೋರೂ ಬದಲಾಗತ್ತೆ ಅಂದ್ಮೇಲೆ ಸೋಂಕಿಲ್ಲ ಅನ್ನೋದು ಹೆಂಗೆ?

ನನಗೆ ಬಹಳ ಇಷ್ಟ ಆದ ಕಥೆ ಇನ್ನೊಂದು. 1960ರ ದಶಕದಲ್ಲಿ ಮೈಕಲ್ ಕೋಲ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಆಫ್ರಿಕಾದ ಲೈಬೀರಿಯಾದ ಕ್ಪೆಲ್ಲೆ ಜನರಿಗೆ ಒಂದಿಷ್ಟು ಸಾಮಾನು ಕೊಟ್ಟು, ಜೊತೆಗಿರೋದನ್ನ ಜೊತೆಗಿಡಿ ಅಂದ್ರು. ಅವರು ಚಾಕೂನ ಕಿತ್ತಳೆ ಜೊತೆ ಇಟ್ರು, ಚಾಕು ಇರೋದೇ ಹಣ್ಣು ಹೆಚ್ಚೋಕೆ ತಾನೇ. ಟೆಸ್ಟ್ ಲೆಕ್ಕದಲ್ಲಿ ಇದು ಕಮ್ಮಿ ದರ್ಜೆ, ಹಣ್ಣೆಲ್ಲಾ ಒಂದು ಕಡೆ, ಹತಾರ ಎಲ್ಲಾ ಒಂದು ಕಡೆ ಇಟ್ರೆ ಜಾಣತನ. ಆದ್ರೆ ಬುದ್ಧಿವಂತ ಆದವನು ನಾವಿಟ್ಟ ಹಾಗೇ ಇಡ್ತಾನೆ ಅಂತ ಕ್ಪೆಲ್ಲೆ ಜನ ಹೇಳ್ತಾ ಇದ್ರು. ಕೊನೆಗೆ, ಹಾಗಾದ್ರೆ ದಡ್ಡ ಹೆಂಗಿಡ್ತಾನೆ ಅಂತ ಕೇಳಿದಾಗ ಟಕ್ ಅಂತ ಹಣ್ಣು ಒಂದು ಕಡೆ, ಹತಾರ ಒಂದು ಕಡೆ ಜೋಡಿಸಿಬಿಟ್ರು!

ಕೋರ್ಟಿಗೂ ಹೋಗಿದೆ ಇದು. ಕ್ಯಾಲಿಫೋರ್ನಿಯಾದಲ್ಲಿ ಮನೇಲಿ ಸ್ಪ್ಯಾನಿಷ್ ಮಾತಾಡೋ ಒಂಬತ್ತು ಮಕ್ಕಳನ್ನ ಇಂಗ್ಲಿಷ್ ಟೆಸ್ಟ್ ಮೇಲೆ ಮಂದಬುದ್ಧಿ ಕ್ಲಾಸಿಗೆ ಹಾಕಿದ್ರು, ಅವರ ಭಾಷೇಲಿ ಮತ್ತೆ ಟೆಸ್ಟ್ ಮಾಡಿದ್ರೆ ಹೆಚ್ಚಿನವರು ಗಡಿ ದಾಟಿದ್ರು, 1970ರಲ್ಲಿ ರಾಜ್ಯ ರಾಜಿ ಮಾಡ್ಕೊಂಡು ಮಕ್ಕಳ ಭಾಷೇಲೇ ಟೆಸ್ಟ್ ಮಾಡೋಕೆ ಒಪ್ತು. ಅದೇ ರಾಜ್ಯದಲ್ಲಿ ಲ್ಯಾರಿ ಪಿ. ಅನ್ನೋ ಕೇಸ್: ಸ್ಕೂಲುಗಳಲ್ಲಿ ಕಪ್ಪು ಮಕ್ಕಳು ನೂರಕ್ಕೆ ಹತ್ತರ ಆಸುಪಾಸು, ಆದ್ರೆ ಆ ಕ್ಲಾಸುಗಳಲ್ಲಿ ಕಾಲು ಭಾಗ ಅವರೇ. ಅಂಥ ಕ್ಲಾಸಿಗೆ ಹಾಕೋಕೆ ಕಪ್ಪು ಮಕ್ಕಳಿಗೆ ಐಕ್ಯೂ ಟೆಸ್ಟ್ ಬಳಸ್ಬೇಡಿ ಅಂತ 1979ರಲ್ಲಿ ತೀರ್ಪು ಬಂತು. ತಮಾಷೆ ಅಂದ್ರೆ ಮಾರನೇ ವರ್ಷ ಶಿಕಾಗೋದಲ್ಲಿ ಇನ್ನೊಬ್ಬ ಜಡ್ಜ್ ಒಂದೊಂದೇ ಪ್ರಶ್ನೆ ಓದಿ, ಬೆರಳೆಣಿಕೆಯಷ್ಟು ಬಿಟ್ರೆ ಪಕ್ಷಪಾತ ಇಲ್ಲ ಅಂದ್ರು.

ಹಾಗಂತ ಟೆಸ್ಟೇ ಕೆಟ್ಟದ್ದು, ಟೀಚರ್ ಕಣ್ಣಂದಾಜೇ ಸಾಕು ಅನ್ನೋರ ಪಕ್ಷ ನಾನಲ್ಲ. ಫ್ಲಾರಿಡಾದ ಬ್ರೋವರ್ಡ್ ಜಿಲ್ಲೇಲಿ ಮುಂಚೆ ಟೀಚರ್ ಅಥವಾ ಅಪ್ಪ ಅಮ್ಮ ಹೆಸರು ಹೇಳಿದ ಮಕ್ಕಳಿಗೆ ಮಾತ್ರ ಪ್ರತಿಭಾವಂತರ ತರಗತಿಗೆ ಟೆಸ್ಟ್ ಇತ್ತು, 2005ರಿಂದ ಎರಡನೇ ತರಗತಿಯ ಎಲ್ಲರಿಗೂ ಸ್ಕ್ರೀನಿಂಗ್ ಮಾಡೋಕೆ ಶುರು ಮಾಡಿದ ಮೇಲೆ ಬಡ ಮಕ್ಕಳು, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು ಎಷ್ಟೋ ಜಾಸ್ತಿ ಆಯ್ಕೆ ಆದ್ರು. ಯಾರ ಕಣ್ಣಿಗೂ ಬೀಳದೇ ಇದ್ದ ಮಕ್ಕಳವು.

ಹಾಗಾಗಿ ನಿಮ್ಮ ರಿಪೋರ್ಟಿಗೆ ಕೇಳ್ಬೇಕಾದ್ದು: ನನ್ನ ಮಗುವಿನಂಥ ಮನೆ, ಭಾಷೆ ಇರೋ ಮಕ್ಕಳು ಆ ನಾರ್ಮ್ಸ್ ಪಟ್ಟೀಲಿ ಇದ್ರಾ? ಮಗು ಕೊಟ್ಟ "ತಪ್ಪು" ಉತ್ತರಗಳಲ್ಲಿ ನಮ್ಮ ಮನೆ ಲೆಕ್ಕದಲ್ಲಿ ಸರಿ ಇರೋದು ಇದೆಯಾ? ಪ್ರಶ್ನೆಗಳನ್ನ ಅವರು ತೋರಿಸಲ್ಲ, ಟೆಸ್ಟ್ ಹೊರಗೆ ಬಂದ್ರೆ ಹಾಳಾಗತ್ತೆ, ಅದು ಸರಿನೇ. ಆದ್ರೆ ಯಾವ ಥರದ ತಪ್ಪು ಅಂತ ಬಾಯಲ್ಲಿ ವಿವರಿಸೋಕೆ ಏನೂ ಅಡ್ಡಿ ಇಲ್ಲ.

6. ಇದರಲ್ಲಿ ಬರದೇ ಇರೋದು

ಐಕ್ಯೂಗೂ ಸ್ಕೂಲ್ ಮಾರ್ಕ್ಸಿಗೂ ಸಂಬಂಧ ಇದೆ, ಕೋರಿಲೇಷನ್ ಸುಮಾರು 0.5. ಅಂದ್ರೆ ಮಾರ್ಕ್ಸಿನ ವ್ಯತ್ಯಾಸದಲ್ಲಿ ಕಾಲು ಭಾಗ ಇದರ ಜೊತೆ ಹೋಗತ್ತೆ, ಮುಕ್ಕಾಲು ಭಾಗ ಇದರಾಚೆ. ಟರ್ಮನ್ ಅವರೇ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅತಿ ಜಾಣ ಮಕ್ಕಳನ್ನ ಹುಡುಕೋಕೆ ಹೊರಟಾಗ ಸ್ಕೋರ್ ಸಾಲದೆ ಬಿಟ್ಟುಹೋದ ಹುಡುಗರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಇದ್ರು, ಇಬ್ಬರಿಗೂ ಆಮೇಲೆ ಫಿಸಿಕ್ಸಲ್ಲಿ ನೊಬೆಲ್ ಬಂತು, 1956ರಲ್ಲಿ ಒಬ್ಬರಿಗೆ, 1968ರಲ್ಲಿ ಇನ್ನೊಬ್ಬರಿಗೆ. ಆಯ್ಕೆ ಆದ ಸಾವಿರದೈನೂರು ಚಿಲ್ಲರೆ ಮಕ್ಕಳಲ್ಲಿ ಒಬ್ಬರಿಗೂ ಬರಲಿಲ್ಲ.

ಸ್ಕೋರ್ ಕಲ್ಲಲ್ಲಿ ಕೆತ್ತಿದ್ದೂ ಅಲ್ಲ. 6 ಲಕ್ಷಕ್ಕೂ ಮೀರಿದ ಜನರ ಮಾಹಿತಿ ಒಟ್ಟು ಮಾಡಿ 2018ರಲ್ಲಿ ಬಂದ ಒಂದು ವಿಶ್ಲೇಷಣೆ ಪ್ರಕಾರ ಸ್ಕೂಲಲ್ಲಿ ಕಳೆಯೋ ಒಂದೊಂದು ವರ್ಷಕ್ಕೂ 1ರಿಂದ 5 ಪಾಯಿಂಟ್ ಏರತ್ತೆ.

7. ಸ್ಕೂಲಿನ ಜೊತೆ ಮೀಟಿಂಗ್

ಒಬ್ಬರೇ ಹೋಗ್ಬೇಡಿ. ರಿಪೋರ್ಟ್ ಕಾಪಿ, ಮಗು ಮನೇಲಿ ಬರೆದಿದ್ದು ಬಿಡಿಸಿದ್ದು ಒಂದೆರಡು ಹಾಳೆ ತಗೊಂಡು ಹೋಗಿ. ನಂಬರ್ ಬಗ್ಗೆ ಜಗಳ ಆಡ್ಬೇಡಿ, ಅದರಿಂದ ಏನೂ ಸಿಗಲ್ಲ. "ಯಾರು, ಏನು, ಯಾವಾಗಿಂದ" ಅಂತ ಮೂರು ಕೇಳಿ ಬರೆಸ್ಕೊಳ್ಳಿ. ನಮ್ಮ ಕೇಸಲ್ಲಿ ಮುಂದಿನ ಬೆಂಚು, ದೊಡ್ಡ ಅಕ್ಷರದ ವರ್ಕ್‌ಶೀಟ್, ಬೋರ್ಡ್ ನೋಡಿ ಬರೆಯೋಕೆ ಜಾಸ್ತಿ ಟೈಮ್, ಮೂರೇ ವಿಷಯ, ಹದಿನೈದು ನಿಮಿಷದಲ್ಲಿ ಮುಗೀತು. ಸೆಕ್ಷನ್ ಬದಲಾಯಿಸ್ತೀವಿ ಅಂದಿದ್ದಕ್ಕೆ ಅಕ್ಕ ಒಪ್ಪಲಿಲ್ಲ, ಕನ್ನಡಕ ಹಾಕಿ ಒಂದು ಟರ್ಮ್ ನೋಡೋಣ ಅಂದ್ಲು. ಆ ಫೈಲ್ ಯಾರ್ ಯಾರು ನೋಡ್ತಾರೆ, ಎಷ್ಟು ವರ್ಷ ಇಡ್ತಾರೆ ಅಂತಾನೂ ಕೇಳಿ.

ಸ್ಕೋರ್ ಅನುಮಾನ ಬಂತು ಅಂತ ಮುಂದಿನ ತಿಂಗಳೇ ಅದೇ ಟೆಸ್ಟ್ ಮತ್ತೆ ಮಾಡಿಸ್ಬೇಡಿ, ನೆನಪಿರತ್ತೆ, ಸುಮ್ಮನೆ ಸ್ಕೋರ್ ಏರತ್ತೆ. ಸಾಮಾನ್ಯವಾಗಿ ಒಂದೆರಡು ವರ್ಷ ಬಿಡ್ತಾರೆ. ಅರ್ಜೆಂಟ್ ಇದ್ರೆ ಬೇರೆ ಸೈಕಾಲಜಿಸ್ಟ್ ಹತ್ರ ಬೇರೆ ಟೆಸ್ಟ್ ಕೇಳಿ.

8. ಮಗುಗೆ ಏನ್ ಹೇಳೋದು

ನಂಬರ್ ಹೇಳ್ಬೇಡಿ. ಕಮ್ಮಿ ಬಂದಿದ್ರೂ ಬೇಡ, 140 ಬಂದಿದ್ರಂತೂ ಬೇಡವೇ ಬೇಡ, ನೆಂಟರ ಮುಂದೆ ಹೇಳೋದಂತೂ ಮಹಾ ತಪ್ಪು. ಏನು ಸುಲಭ ಆಯ್ತು, ಏನು ಕಷ್ಟ ಆಯ್ತು, ಕಷ್ಟ ಆಗಿದ್ದಕ್ಕೆ ನಾವು ಏನು ಮಾಡ್ತೀವಿ, ಇಷ್ಟು ಹೇಳಿ. "ನಂಗೆ ಎಷ್ಟು ಬಂತು?" ಅಂತ ನಮ್ಮ ಹುಡುಗಿ ಕೇಳಿದ್ದಕ್ಕೆ ಅಕ್ಕ, "ನಿಂಗೆ ಮಾತು ಚೆನ್ನಾಗಿ ಬರತ್ತಂತೆ, ಸಣ್ಣ ಗುರುತು ನೋಡೋಕೆ ಕಷ್ಟ ಆಯ್ತಂತೆ, ಅದಕ್ಕೇ ಕನ್ನಡಕ" ಅಂದ್ಲು. ಅವಳು ಸ್ವಲ್ಪ ಯೋಚನೆ ಮಾಡಿ, "ಹಾಗಾದ್ರೆ ಕನ್ನಡಕ ಕೊಟ್ಟ ಮೇಲೆ ಟೆಸ್ಟ್ ಮಾಡ್ಬೇಕಿತ್ತು ಅಲ್ವಾ" ಅಂದ್ಲು.

ಕೊನೇ ಕೆಲಸ ಒಂದಿದೆ. ರಿಪೋರ್ಟಿನ ಮೊದಲ ಪುಟದ ಮೇಲೆ, ಆ ದೊಡ್ಡ ನಂಬರ್ ಪಕ್ಕದಲ್ಲೇ, ಟೆಸ್ಟ್ ಮಾಡಿದ ತಾರೀಖು, ಅವತ್ತಿನ ವಯಸ್ಸು, ಅವತ್ತಿಗೆ ಗೊತ್ತಿಲ್ಲದೇ ಇದ್ದ ವಿಷಯ, ಮತ್ತೆ ಯಾವಾಗ ನೋಡ್ಬೇಕು ಅನ್ನೋದು, ನಾಲ್ಕನ್ನೂ ಪೆನ್ನಲ್ಲಿ ಬರೆದಿಡಿ. ನಮ್ಮದರ ಮೇಲೆ ಹೀಗಿದೆ: "8 ವರ್ಷ, ಕನ್ನಡಕ ಇರಲಿಲ್ಲ, ಎರಡು ವರ್ಷ ಬಿಟ್ಟು ಬೇಕಿದ್ದರೆ ಮಾತ್ರ."